ಟ್ರಾನ್ಸ್‌ಜೆಂಡರ್ ವ್ಯಕ್ತಿಗಳನ್ನು ತಪ್ಪು ಲಿಂಗದಲ್ಲಿ ಕರೆದರೆ ಅವರಿಗೆ ಹೇಗನ್ನಿಸುತ್ತದೆ?

ನೋವಾಗುತ್ತದೆ. ಆದರೆ ಎಲ್ಲ ತಪ್ಪೂ ಒಂದೇ ತೂಕದ್ದಲ್ಲ. ಬಾಯಿತಪ್ಪಿ ಬಂದದ್ದನ್ನು ಕೂಡಲೇ ತಿದ್ದಿಕೊಂಡರೆ ಹೆಚ್ಚಿನವರು ಅಲ್ಲಿಗೇ ಬಿಟ್ಟುಬಿಡುತ್ತಾರೆ. ಗೊತ್ತಿದ್ದೂ ಮತ್ತೆ ಮತ್ತೆ ಹಾಗೇ ಕರೆದರೆ, 'ನೀನು ಯಾರೆಂದು ನಾನು ಹೇಳುತ್ತೇನೆ, ನೀನಲ್ಲ' ಎಂದಂತಾಗುತ್ತದೆ. ತನ್ನ ಲಿಂಗತ್ವವನ್ನು ತಾನೇ ಹೇಳಿಕೊಳ್ಳುವ ಹಕ್ಕನ್ನು ಸುಪ್ರೀಂ ಕೋರ್ಟ್ 2014ರಲ್ಲೇ ಎತ್ತಿಹಿಡಿದಿದೆ.

ಕನ್ನಡದಲ್ಲಿ ಈ ನೋವು ಪದೇಪದೇ ಎದುರಾಗುತ್ತದೆ, ಏಕೆಂದರೆ ನಮ್ಮ ಕ್ರಿಯಾಪದವೇ ಲಿಂಗವನ್ನು ಹೇಳಿಬಿಡುತ್ತದೆ. 'ನಾನು ಬಂದೆ' ಎನ್ನುವಾಗ ಗಂಡು ಹೆಣ್ಣೆಂಬ ಭೇದವಿಲ್ಲ. ಬೇರೆಯವರು ಏಕವಚನದಲ್ಲಿ ಹೇಳುವಾಗ ಅದೇ ಮಾತು 'ಬಂದ' ಅಥವಾ 'ಬಂದಳು' ಆಗಲೇಬೇಕು. ಎದುರಿಗೆ ಕರೆಯುವಾಗಲೂ 'ಬಾರೋ', 'ಬಾರೇ' ಇದ್ದೇ ಇವೆ. ಹೀಗಾಗಿ ಟ್ರಾನ್ಸ್ ಮಹಿಳೆಯೊಬ್ಬರು (ಹುಟ್ಟಿದಾಗ ಗಂಡೆಂದು ಗುರುತಿಸಲಾದ ಹೆಣ್ಣು) ಮನೆಯಲ್ಲಿ ಸುಮ್ಮನೆ ಕೂತಿದ್ದರೂ 'ಊಟ ಮಾಡಿದ', 'ಮಲಗಿದ' ಎಂಬ ಮಾತುಗಳು ದಿನವಿಡೀ ಕಿವಿಗೆ ಬೀಳುತ್ತವೆ. ಆಸ್ಪತ್ರೆಯ ಸರತಿಯಲ್ಲಿ ಯಾರಾದರೂ ಜೋರಾಗಿ ಹಾಗೆ ಕರೆದರೆ ಅಪರಿಚಿತರ ದೃಷ್ಟಿಯೆಲ್ಲ ತಿರುಗುತ್ತದೆ. ಆಗ ನೋವಿನ ಜೊತೆ ಭಯವೂ ಸೇರುತ್ತದೆ.

ಗೊತ್ತಿಲ್ಲದಿದ್ದಾಗ 'ಅವರು ಬಂದರು' ಎನ್ನುವ ಗೌರವದ ಬಹುವಚನ ಸಾಕು. ಗೊತ್ತಾದ ಮೇಲೆ ಮಾತ್ರ ಅದರ ಹಿಂದೆ ಅವಿತುಕೊಳ್ಳಬೇಡಿ. ಮನೆಯ ಉಳಿದ ಹೆಣ್ಣುಮಕ್ಕಳನ್ನೆಲ್ಲ ಸಲುಗೆಯಿಂದ 'ಅವಳು' ಎಂದು, ಈಕೆಯನ್ನಷ್ಟೇ 'ಅವರು' ಎಂದರೆ ಆ ದೂರವೂ ತಿಳಿಯುತ್ತದೆ.