‘ಜೋರ್ಬಾ ದ ಗ್ರೀಕ್’ ಸಿನಿಮಾದ ಕೊನೆಯಲ್ಲಿ ಕುಣಿಯುವ ಬೀಚ್ ಎಲ್ಲಿದೆ? ಸೆಪ್ಟೆಂಬರ್‌ನಲ್ಲಿ ವಯಸ್ಸಾದ ಅಪ್ಪ-ಅಮ್ಮನನ್ನು ಕರೆದುಕೊಂಡು ಹೋಗಬಹುದಾ? ನಾವು ಸಸ್ಯಾಹಾರಿಗಳು.

ಧಾರಾಳವಾಗಿ ಹೋಗಬಹುದು. ವಯಸ್ಸಾದವರಿಗೆ ಗ್ರೀಸ್‌ನ ಕ್ರೀಟ್ ದ್ವೀಪದಲ್ಲಿ ಇದಕ್ಕಿಂತ ಸಲೀಸಾದ ಸಮುದ್ರದಂಡೆ ಸಿಗುವುದು ಕಷ್ಟ. ಸೆಪ್ಟೆಂಬರ್ ಕೂಡ ಸರಿಯಾದ ಆಯ್ಕೆ: ಜುಲೈ-ಆಗಸ್ಟ್‌ನ ಜನಜಂಗುಳಿ ಕರಗಿರುತ್ತದೆ, ಬೇಸಿಗೆಯಿಡೀ ಕಾದ ನೀರು ಮಾತ್ರ ಇನ್ನೂ ಬೆಚ್ಚಗಿರುತ್ತದೆ.

ಊರಿನ ಹೆಸರು ಸ್ಟಾವ್ರೋಸ್. ಕ್ರೀಟ್‌ನ ಪಶ್ಚಿಮ ಭಾಗದ ಹನ್ಯಾ ಪಟ್ಟಣದಿಂದ ಸುಮಾರು 15 ಕಿಲೋಮೀಟರ್, ಅಕ್ರೋತಿರಿ ಎಂಬ ಪರ್ಯಾಯದ್ವೀಪದ ತುದಿಯಲ್ಲಿದೆ. ಹನ್ಯಾ ಎಂಬುದನ್ನು ಇಂಗ್ಲಿಷಿನಲ್ಲಿ ಬರೆದಾಗ ‘ಚಾನಿಯಾ’ ಎಂದು ಓದುವಂತಿರುತ್ತದೆ, ಟಿಕೆಟ್ ಮಾಡಿಸುವಾಗ ಗಲಿಬಿಲಿಯಾಗಬೇಡಿ. ನಿಜವಾದ ಎಡವಟ್ಟು ಆಗುವುದು ಮ್ಯಾಪಿನಲ್ಲಿ. ಸ್ಟಾವ್ರೋಸ್ ಎಂದರೆ ಶಿಲುಬೆ, ಆ ಹೆಸರಿನ ಊರುಗಳು ಗ್ರೀಸ್ ತುಂಬಾ ಇವೆ. ಅಕ್ರೋತಿರಿ ಅಂತ ಹುಡುಕಿದರೆ ಸಾಂಟೊರಿನಿ ದ್ವೀಪದ ಅಕ್ರೋತಿರಿ ಮೊದಲು ಬರಬಹುದು, ಅದು ಬೇರೆಯೇ ದ್ವೀಪ. ರೂಮ್ ಬುಕ್ ಮಾಡುವ ಮುನ್ನ ಪಿನ್ ಹನ್ಯಾ ವಿಮಾನ ನಿಲ್ದಾಣದ ಹತ್ತಿರವೇ ಬಿದ್ದಿದೆಯಾ ನೋಡಿ. ಆ ನಿಲ್ದಾಣ ಇರುವುದೂ ಇದೇ ಪರ್ಯಾಯದ್ವೀಪದ ಮೇಲೆ.

ಹಾಗಾಗಿಯೇ ನನ್ನ ಸಲಹೆ: ಸ್ಟಾವ್ರೋಸನ್ನು ಪ್ರವಾಸದ ಕೊನೆಯ ದಿನಕ್ಕೆ ಇಟ್ಟುಕೊಳ್ಳಿ. ಮೊದಲ ದಿನಗಳನ್ನು ಹನ್ಯಾದ ಹಳೆಯ ಬಂದರಿನ ಗಲ್ಲಿಗಳಲ್ಲಿ ಕಳೆದು, ಕೊನೆಯ ರಾತ್ರಿ ಇಲ್ಲಿ ತಂಗಿದರೆ ಮರುದಿನ ವಿಮಾನಕ್ಕೆ ಟ್ಯಾಕ್ಸಿಯಲ್ಲಿ ಇಪ್ಪತ್ತು ನಿಮಿಷ ಸಾಕು. ಅಪ್ಪ-ಅಮ್ಮನ ಲಗೇಜನ್ನು ಹನ್ಯಾಕ್ಕೂ ನಿಲ್ದಾಣಕ್ಕೂ ಎರಡೆರಡು ಸಲ ಹೊತ್ತಾಡುವುದು ತಪ್ಪುತ್ತದೆ.

ಅಥೆನ್ಸ್‌ನಿಂದ ಹನ್ಯಾಕ್ಕೆ ವಿಮಾನದಲ್ಲಿ ಸುಮಾರು 50 ನಿಮಿಷ. ಹಡಗಾದರೆ ಅಥೆನ್ಸ್ ಪಕ್ಕದ ಪಿರೇಯಸ್ ಬಂದರಿನಲ್ಲಿ ರಾತ್ರಿ ಹತ್ತಿ ಬೆಳಗಿನ ಜಾವ ಹನ್ಯಾ ಹತ್ತಿರದ ಸೂದಾ ಬಂದರಿನಲ್ಲಿ ಇಳಿಯಬಹುದು. ಹಡಗೇ ಬೇಕೆಂದಿದ್ದರೆ ಹಿರಿಯರಿಗೆ ಬರೀ ಸೀಟು ಬೇಡ, ಕ್ಯಾಬಿನ್ ತೆಗೆದುಕೊಳ್ಳಿ. ವೀಸಾ ಷೆಂಗೆನ್ (ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ): ಶುಲ್ಕ 90 ಯೂರೋ, 30,000 ಯೂರೋ ಮೊತ್ತದ ಪ್ರಯಾಣ ವಿಮೆ ಕಡ್ಡಾಯ, ಅರ್ಜಿಯನ್ನು ಆರು ತಿಂಗಳು ಮೊದಲೇ ಹಾಕಬಹುದು. ಸೆಪ್ಟೆಂಬರ್ ಪ್ರವಾಸಕ್ಕೆ ಜುಲೈವರೆಗೂ ಕಾಯಬೇಡಿ, ಆಗ ಅಪಾಯಿಂಟ್‌ಮೆಂಟ್ ಸಿಗುವುದೇ ತ್ರಾಸ.

ಹನ್ಯಾದ ಬಸ್ ನಿಲ್ದಾಣದಿಂದ ಸ್ಟಾವ್ರೋಸ್‌ಗೆ ಬಸ್ ಇದೆ, ಆದರೆ ದಿನಕ್ಕೆ ಕೆಲವೇ ಸಲ. ಭಾನುವಾರ ಇನ್ನೂ ಕಡಿಮೆ. ಹೋಗುವ ಬಸ್ಸಿಗಿಂತ ವಾಪಸ್ ಬರುವ ಕೊನೆಯ ಬಸ್ಸಿನ ಸಮಯವನ್ನು ಮೊದಲು ಕೇಳಿಕೊಳ್ಳಿ. ಸಂಜೆ ನೋಡಬೇಕಾದ ಜಾಗ ಇದು, ಕೊನೆಯ ಬಸ್ಸು ಸೂರ್ಯ ಮುಳುಗುವ ಮೊದಲೇ ಹೊರಟುಬಿಟ್ಟರೆ ಬಂದದ್ದರಲ್ಲಿ ಅರ್ಧ ವ್ಯರ್ಥ. ಕಾರು ಬಾಡಿಗೆಗೆ ತೆಗೆದುಕೊಳ್ಳುವುದಾದರೆ ಊರಲ್ಲೇ ಆರ್‌ಟಿಓದಿಂದ ಅಂತರರಾಷ್ಟ್ರೀಯ ಡ್ರೈವಿಂಗ್ ಪರ್ಮಿಟ್ ಮಾಡಿಸಿಕೊಂಡು ಬನ್ನಿ, ಮೂಲ ಲೈಸೆನ್ಸೂ ಜೊತೆಗಿರಲಿ. ಅಲ್ಲಿ ಗಾಡಿ ಓಡುವುದು ರಸ್ತೆಯ ಬಲಕ್ಕೆ.

ಇನ್ನು ಬೀಚಿನ ವಿಷಯ. ತಟ್ಟೆಯಂತೆ ದುಂಡಗಿನ ಪುಟ್ಟ ಕೊಲ್ಲಿ, ಕಡಲಿನ ಕಡೆಗೆ ಬಾಯಿ ಕಿರಿದು. ಎದುರಿಗೆ ನೀರಿನಿಂದಲೇ ಎದ್ದು ನಿಂತ ಬೋಳು ಕಲ್ಲುಗುಡ್ಡ, ಮಂಡಿಯೂರಿ ಕೂತ ಒಂಟೆಯ ಹಾಗೆ. ಸಿನಿಮಾದಲ್ಲಿ ಮರದ ದಿಮ್ಮಿಗಳು ತಂತಿಯ ಮೇಲೆ ಜಾರಿ ಬಂದು ಎಲ್ಲವೂ ಕುಸಿದು ಬೀಳುವುದು ಇದೇ ಗುಡ್ಡದ ಮೈಯಲ್ಲಿ. ಬೇಸಿಗೆಯಲ್ಲಿ ಉತ್ತರದಿಂದ ಬೀಸುವ ಮೆಲ್ತೆಮಿ ಗಾಳಿ ಕ್ರೀಟ್‌ನ ಉತ್ತರ ತೀರವನ್ನೆಲ್ಲ ಅಲ್ಲೋಲಕಲ್ಲೋಲ ಮಾಡುವಾಗಲೂ ಈ ಕೊಲ್ಲಿಯ ನೀರು ಕೆರೆಯಂತೆ ಶಾಂತವಾಗಿರುತ್ತದೆ. ಮರಳಿನ ತಳ, ತುಂಬ ದೂರದವರೆಗೆ ನಡೆದರೂ ಸೊಂಟದ ಮಟ್ಟದ ನೀರು. ಅಮ್ಮ ಸೀರೆಯ ನೆರಿಗೆ ಎತ್ತಿಕೊಂಡು ನಿಲ್ಲುವುದಕ್ಕೂ, ಈಜು ಬಾರದ ಅಪ್ಪ ಸೊಂಟದವರೆಗೆ ಇಳಿಯುವುದಕ್ಕೂ ಭಯವಿಲ್ಲ.

ಆದರೆ ಪಕ್ಕದಲ್ಲೇ, ನಡೆದು ಹೋಗುವಷ್ಟು ಹತ್ತಿರದಲ್ಲಿ, ಪಾಹ್ಯಾ ಅಮ್ಮೋಸ್ ಎಂಬ ಇನ್ನೊಂದು ಉದ್ದನೆಯ ಬೀಚಿದೆ. ಅದು ತೆರೆದ ಕಡಲು. ಗಾಳಿ ಇದ್ದ ದಿನ ಅಲ್ಲಿ ಅಲೆಯೂ ಇದೆ, ಸೆಳೆತವೂ ಇದೆ. ಕೊಲ್ಲಿಯ ಶಾಂತ ನೀರು ನೋಡಿ ಬಂದ ಧೈರ್ಯದಲ್ಲಿ ಅಲ್ಲಿಗೆ ಇಳಿಯುವುದು ತಪ್ಪು. ದುಂಡು ಕೊಲ್ಲಿಯಲ್ಲೂ ಅಂಚಿನ ಬಂಡೆಗಳ ಮೇಲೆ ಕಪ್ಪು ಮುಳ್ಳಿನ ಉಂಡೆಗಳಂತೆ ಕಡಲ ಅರ್ಚಿನ್‌ಗಳು ಅಂಟಿಕೊಂಡಿರುತ್ತವೆ. ಬರಿಗಾಲಲ್ಲಿ ತುಳಿದರೆ ಮುಳ್ಳು ಒಳಗೇ ಮುರಿದು ಉಳಿಯುತ್ತದೆ. ಬಂಡೆಯ ಕಡೆ ಹೋಗುವವರಿಗೆ ನೀರಿನ ಶೂ ಇರಲಿ.

ಒಂದು ಮಾತು ಮೊದಲೇ ಹೇಳಬೇಕು: ಸಿನಿಮಾದ ಕುರುಹು ಹುಡುಕಿಕೊಂಡು ಬಂದರೆ ನಿರಾಸೆಯಾಗುತ್ತದೆ. ಚಿತ್ರ ಬಂದದ್ದು 1964ರಲ್ಲಿ, ಕಪ್ಪು-ಬಿಳುಪು. ಆಗ ಬಿಕೋ ಎನ್ನುತ್ತಿದ್ದ ದಂಡೆಯ ಹಿಂದೆ ಈಗ ಬಾಡಿಗೆ ಮನೆಗಳು, ತವೇರ್ನಾಗಳು (ಸಣ್ಣ ಊಟದ ಹೋಟೆಲ್‌ಗಳು), ಕೊಡೆಗಳ ಸಾಲು. ಛಾಯಾಗ್ರಾಹಕ ವಾಲ್ಟರ್ ಲಾಸಲಿ ಈ ಚಿತ್ರಕ್ಕೆ ಆಸ್ಕರ್ ಪಡೆದು, ಮುಂದೆ ಇದೇ ಊರಿಗೆ ಬಂದು ನೆಲೆಸಿದರು. ಅವರ ಆಸ್ಕರ್ ಪ್ರತಿಮೆ ವರ್ಷಗಟ್ಟಲೆ ದಂಡೆಯ ತವೇರ್ನಾ ಒಂದರಲ್ಲೇ ಇತ್ತು. 2012ರಲ್ಲಿ ಅಲ್ಲಿ ಬೆಂಕಿ ಬಿದ್ದಾಗ ಅದೂ ಹೋಯಿತು. ಉಳಿದಿರುವುದು ಗುಡ್ಡ, ನೀರು ಮತ್ತು ಬೆಳಕು. ಸೆಪ್ಟೆಂಬರ್ ನಡುವಿನಲ್ಲಿ ಸೂರ್ಯ ಮುಳುಗುವುದು ಸುಮಾರು 7:30ಕ್ಕೆ. ಅದಕ್ಕೆ ಒಂದು ಗಂಟೆ ಮುಂಚಿನಿಂದ ಇಳಿಬಿಸಿಲು ಕಲ್ಲಿನ ಮೇಲೆ ಬಿದ್ದು ಗುಡ್ಡದ ಪ್ರತಿ ಬಿರುಕೂ ಎದ್ದು ಕಾಣುತ್ತದೆ. ಫೋಟೋಕ್ಕೆ ಅದೇ ಹೊತ್ತು. ಮಧ್ಯಾಹ್ನ ತೆಗೆದರೆ ಬರೀ ಬೂದುಬಣ್ಣದ ಗೋಡೆ.

ಅಂದಹಾಗೆ ಆ ಕುಣಿತ ಕ್ರೀಟ್‌ನ ಜನಪದ ಕುಣಿತವಲ್ಲ. ಸಿರ್ತಾಕಿ ಎಂಬ ಆ ಕುಣಿತವನ್ನು ಹಸಾಪಿಕೋ ಎಂಬ ಹಳೆಯ ಕುಣಿತದ ಹೆಜ್ಜೆಗಳಿಂದ ಯೊರ್ಗೋಸ್ ಪ್ರೊವಿಯಾಸ್ ಈ ಚಿತ್ರಕ್ಕೆಂದೇ ಕಟ್ಟಿಕೊಟ್ಟರು. ಮಿಕಿಸ್ ಥಿಯೊದೊರಾಕಿಸ್ ಅವರ ಸಂಗೀತದ ವೇಗದ ಭಾಗದಲ್ಲಿ ಮಾತ್ರ ಕ್ರೀಟ್‌ನ ಸಿರ್ತೋಸ್ ಎಂಬ ಜನಪದ ಕುಣಿತದ ಧಾಟಿ ಇದೆ. ಅಪ್ಪನಿಗೆ ಸಿನಿಮಾದ ಹಳ್ಳಿಯನ್ನೂ ನೋಡುವ ಆಸೆ ಇದ್ದರೆ, ಅದನ್ನು ಚಿತ್ರಿಸಿದ್ದು ಇಲ್ಲಲ್ಲ, ಸೂದಾ ಕೊಲ್ಲಿಯ ಆಚೆ ಬದಿಯ ಕೊಕ್ಕಿನೋ ಹೊರ್ಯೋದಲ್ಲಿ. ಕಾರಿದ್ದರೆ ಹೋಗಿಬನ್ನಿ. ದಾರಿಯಲ್ಲಿ ಸೂದಾ ನೌಕಾನೆಲೆಯ ಫೋಟೋ ತೆಗೆಯಬೇಡಿ, ನಿಷಿದ್ಧ. ಗುಡ್ಡ ಹತ್ತುವ ಯೋಚನೆ ಹಿರಿಯರಿಗೆ ಬೇಡವೇ ಬೇಡ. ಚೂಪು ಕಲ್ಲು, ಒಂದು ಮರದ ನೆರಳೂ ಇಲ್ಲ.

ದಂಡೆಯ ಮೇಲಿನ ಆರಾಮಕುರ್ಚಿಗೆ ದುಡ್ಡು ಕೊಡಬೇಕು. ಯಾವ ಸಾಲಿಗೆ ಎಷ್ಟು ಎಂದು ಕೂರುವ ಮೊದಲೇ ಕೇಳಿ. ಕುರ್ಚಿಗಳಿಲ್ಲದ ಜಾಗದಲ್ಲಿ ನಿಮ್ಮದೇ ಚಾಪೆ ಹಾಸಿ ಕೂತರೆ ಯಾರೂ ಎಬ್ಬಿಸುವಂತಿಲ್ಲ, ಗ್ರೀಸ್‌ನಲ್ಲಿ ಕಡಲತೀರ ಸಾರ್ವಜನಿಕ ಸ್ವತ್ತು.

ಸಸ್ಯಾಹಾರಿಗಳು ಅಂದಿದ್ದೀರಿ, ಉಪವಾಸವಂತೂ ಇರಬೇಕಾಗಿಲ್ಲ. ದಾಕೋಸ್ ಕೇಳಿ: ಬಾರ್ಲಿಯ ಗಟ್ಟಿ ರಸ್ಕಿನ ಮೇಲೆ ತುರಿದ ಟೊಮೇಟೊ, ಮಿಜಿಥ್ರಾ ಚೀಸ್, ಆಲಿವ್ ಎಣ್ಣೆ. ಎಣ್ಣೆ-ರಸ ಹೀರಿಕೊಂಡು ರಸ್ಕು ಮೆತ್ತಗಾಗಲು ಐದು ನಿಮಿಷ ಬಿಡಿ, ಇಲ್ಲದಿದ್ದರೆ ಹಿರಿಯರ ಹಲ್ಲಿಗೆ ಕಷ್ಟ. ಹನ್ಯಾದ್ದೇ ಆದ ಬುರೆಕಿ ಆಲೂಗಡ್ಡೆ, ಜುಕಿನಿ, ಚೀಸ್ ಪದರಗಳ ತಿನಿಸು. ಖಾರ ತಿನ್ನದವರಿಗೂ ಹಿಡಿಸುತ್ತದೆ. ಅನ್ನ ತುಂಬಿದ ಟೊಮೇಟೊ-ದೊಣ್ಣೆಮೆಣಸು, ಅಂದರೆ ಯೆಮಿಸ್ತಾದಲ್ಲಿ ಕೆಲವೆಡೆ ಖೀಮಾ ಬೆರೆಸುತ್ತಾರೆ. ‘ಹೊರಿಸ್ ಕ್ರೆಯಾಸ್?’ (ಮಾಂಸ ಇಲ್ಲದ್ದಾ?) ಎಂದು ಕೇಳಿಯೇ ತರಿಸಿ. ಊಟ ಮುಗಿದ ಮೇಲೆ ಪುಟ್ಟ ಗ್ಲಾಸುಗಳಲ್ಲಿ ತ್ಸಿಕುದ್ಯಾ ತಂದಿಡುತ್ತಾರೆ. ದ್ರಾಕ್ಷಿಯಿಂದ ಇಳಿಸಿದ ಖಡಕ್ ಸಾರಾಯಿ ಅದು, ನೀರಿನಷ್ಟೇ ತಿಳಿ. ನೀರೆಂದುಕೊಂಡು ಅಮ್ಮ ಗುಟುಕರಿಸದಂತೆ ನೋಡಿಕೊಳ್ಳಿ. ಅದು ಅವರು ಅತಿಥಿಗಳಿಗೆ ಮಾಡುವ ಮರ್ಯಾದೆ. ಕುಡಿಯದವರು ನಗುತ್ತಾ ‘ಎಫ್‌ಹರಿಸ್ತೋ’ ಎಂದು ಧನ್ಯವಾದ ಹೇಳಿ ಗ್ಲಾಸು ಹಾಗೇ ಬಿಟ್ಟರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.