ಬೈಗುಳ ಅರ್ಧ ನಮಗೆ, ಮೇಷ್ಟ್ರೇ

ಕಳೆದ ಸಂಚಿಕೆಯಲ್ಲಿ ಪಾಕಿಸ್ತಾನದ ಕವಿ ಫಹ್ಮೀದಾ ರಿಯಾಜ್ ಅವರ ‘ಚಾದರ್ ಔರ್ ಚಾರ್‌ದೀವಾರಿ’ (ಚಾದರ ಮತ್ತು ನಾಲ್ಕು ಗೋಡೆ) ಕವಿತೆಯ ಅನುವಾದ ಓದಿ ಧಾರವಾಡದ ನಿವೃತ್ತ ಮೇಷ್ಟ್ರೊಬ್ಬರು ಬರೆದಿದ್ದಾರೆ: ‘ಉರ್ದು ಅಂದರೆ ಗಜಲ್. ಇದರಲ್ಲಿ ಪ್ರಾಸವಿಲ್ಲ, ಲಯವಿಲ್ಲ. ಗದ್ಯದ ಸಾಲು ಮುರಿದು ಕವಿತೆ ಅಂತ ಅಚ್ಚು ಹಾಕಿದ್ದೀರಿ.’

ಮೇಷ್ಟ್ರೇ,

ನಿಮ್ಮ ಬೈಗುಳ ಕವಿಗಿಂತ ನಮಗೇ ಜಾಸ್ತಿ ಸಲ್ಲಬೇಕು. ಮೂಲದಲ್ಲಿ ಲಯ ಇದೆ. ಅದು ಆಜಾದ್ ನಜ್ಮ್, ಅಂದರೆ ಮುಕ್ತ ಛಂದದ ಕವಿತೆ. ಒಂದೇ ಗಣ ಮತ್ತೆ ಮತ್ತೆ ಬರುತ್ತದೆ, ಸಾಲಿಗೆ ಇಷ್ಟೇ ಎಂಬ ಕಟ್ಟು ಮಾತ್ರ ಇಲ್ಲ. ಲಯವನ್ನೂ ಬಿಟ್ಟದ್ದು ನಸ್ರಿ ನಜ್ಮ್, ಅಂದರೆ ಗದ್ಯಕವಿತೆ. ಪಾಕಿಸ್ತಾನದ ಇನ್ನಿಬ್ಬರು ಕವಿಗಳು, ಸಾರಾ ಶಗುಫ್ತಾ, ಅಜ್ರಾ ಅಬ್ಬಾಸ್ ಹಿಡಿದದ್ದು ಆ ದಾರಿ. ಅದು ಕವಿತೆಯೇ ಅಲ್ಲ ಅಂತ ಕರಾಚಿಯಲ್ಲೂ ಜಗಳ ಆಗಿದೆ, ನೀವೊಬ್ಬರೇ ಅಲ್ಲ!

ನಾವು ಅನುವಾದ ಮಾಡಿಸಿದ್ದು ಇಂಗ್ಲಿಷಿನಿಂದ. ನಿಮ್ಮ ಪತ್ರ ಬಂದ ಮೇಲೆ ಉರ್ದು ಬಲ್ಲ ವಿಜಯಪುರದ ಗೆಳೆಯರೊಬ್ಬರನ್ನು ಕರೆದು ಮೂಲ ಓದಿಸಿದೆವು. ಮೊದಲ ಸಾಲಿಗೇ ತಡೆದರು. ‘ಹುಜೂರ್, ಈ ಕಪ್ಪು ಚಾದರ ತಗೊಂಡು ನಾನೇನು ಮಾಡಲಿ’ ಎಂಬ ಅರ್ಥದ ಸಾಲು ಅದು. ಅಲ್ಲಿನ ಕ್ರಿಯಾಪದ ‘ಕರೂಂಗಿ’. ಗಂಡಸಾದರೆ ‘ಕರೂಂಗಾ’ ಅನ್ನಬೇಕು. ಬಾಯಿ ತೆರೆದ ಕ್ಷಣವೇ ಮಾತಾಡುತ್ತಿರುವುದು ಹೆಣ್ಣು ಅಂತ ಗೊತ್ತಾಗುತ್ತದೆ. ಹೆಣ್ಣಿನ ಮಾತನ್ನೂ ಗಂಡಸರೇ ಬರೆದುಕೊಂಡು ಬಂದ ಭಾಷೆಯಲ್ಲಿ ಆ ಒಂದು ‘ಗಿ’ ಸಣ್ಣದಲ್ಲ. ನಮ್ಮ ‘ಮಾಡುತ್ತೇನೆ’ಗೆ ಹೆಣ್ಣು ಗಂಡು ಎಲ್ಲಿದೆ? ಇಂಗ್ಲಿಷಿನಲ್ಲೂ ಇಲ್ಲ. ಹಾಗಾಗಿ ಅಲ್ಲೇ ಕಳೆದುಹೋಗಿತ್ತು, ನಮಗೆ ಗೊತ್ತೇ ಆಗಲಿಲ್ಲ. ‘ಹೆಣ್ಣಾದ ನಾನು’ ಅಂತ ಸೇರಿಸಿ ನೋಡಿದೆವು. ಭಾಷಣದ ಹಾಗೆ ಕೇಳಿಸಿತು, ಹೊಡೆದುಹಾಕಿದೆವು.

‘ಮುಸುಕು’ ಅನ್ನದೆ ‘ಚಾದರ’ ಅಂತ ಯಾಕೆ ಇಟ್ಟಿರಿ ಅಂತಲೂ ಕೇಳಿದ್ದೀರಿ. ನಿಮ್ಮ ಕಡೆ ಚಾದರ ಅಂದರೆ ಹೊದೆಯುವುದು, ಅಲ್ವಾ? ಇಲ್ಲಿ ಅದೇ ಬೇಕಿತ್ತು. ಪಾಕಿಸ್ತಾನದ ಸೇನಾ ಆಡಳಿತಗಾರ ಜಿಯಾ ಉಲ್ ಹಕ್ ಆಳ್ವಿಕೆಯಲ್ಲಿ ಹೆಂಗಸರಿಗೆ ಚಾದರ, ನಾಲ್ಕು ಗೋಡೆ ಸಾಕು ಎಂಬ ಘೋಷಣೆ ಜೋರಾಗಿತ್ತು. ಕವಿತೆಯ ಹೆಣ್ಣು ಆ ಚಾದರವನ್ನು ವಾಪಸ್ ಕೊಡುತ್ತಾಳೆ: ನಿಮ್ಮ ಕೋಣೆಯಲ್ಲಿ ಒಂದು ಹೆಣ ಕೊಳೆಯುತ್ತಿದೆ, ಅದಕ್ಕೆ ಹೊದಿಸಿ ಅಂತ. ಹೆಣಕ್ಕೆ ಮುಸುಕು ಹಾಕಿಸಿದರೆ ಆ ಏಟು ಬೀಳುವುದಿಲ್ಲ. ಈ ಕವಿ 1981ರಲ್ಲಿ ದೇಶ ಬಿಟ್ಟು ಭಾರತಕ್ಕೆ ಬರಬೇಕಾಯಿತು.

ಲಯದ ವಿಷಯದಲ್ಲಿ ನೀವು ಗೆದ್ದಿರಿ. ಅನುವಾದಕಿ ಈಗ ಉರ್ದುವನ್ನೇ ಕೇಳಿಸಿಕೊಂಡು ಮತ್ತೆ ಕೂತಿದ್ದಾರೆ. ಮೊದಲ ಹತ್ತು ಸಾಲು ಕಳಿಸುತ್ತೇನೆ. ಗಟ್ಟಿಯಾಗಿ ಓದಿ, ಎಲ್ಲಿ ಮುಗ್ಗರಿಸುತ್ತದೋ ಅಲ್ಲಿ ಗೆರೆ ಎಳೆದು ವಾಪಸ್ ಕಳಿಸಿ.

— ಸಂ.