ನಾಲ್ಕು ಗಂಟೆಯ ನಂತರದ ಕಾಲೇಜು

ಪ್ರಶ್ನೆ: ನಾನು ಪಾಂಡವಪುರ ತಾಲ್ಲೂಕಿನ ಒಂದು ಹಳ್ಳಿಯವಳು. ಪಿಯುಸಿಯವರೆಗೆ ಕನ್ನಡ ಮಾಧ್ಯಮದಲ್ಲೇ ಓದಿ ಈ ವರ್ಷ ಮೈಸೂರಿನಲ್ಲಿ ಬಿ.ಎ.ಗೆ ಸೇರಿದ್ದೇನೆ. ಹಾಸ್ಟೆಲ್‌ಗೆ ಅರ್ಜಿ ಹಾಕುತ್ತೇನೆ ಎಂದರೆ, ಹೆಣ್ಣುಮಕ್ಕಳಿಗೆ ಬಸ್ಸು ಉಚಿತವಾಗಿರುವಾಗ ಹಾಸ್ಟೆಲ್ ಏಕೆ, ದಿನವೂ ಹೋಗಿ ಬಾ ಎಂದು ಮನೆಯಲ್ಲಿ ಹೇಳುತ್ತಾರೆ. ಹಾಸ್ಟೆಲ್‌ನಲ್ಲಿ ಸೀನಿಯರ್‌ಗಳ ಕಾಟವಿರುತ್ತದೆಂಬ ಹೆದರಿಕೆಯೂ ಅವರಿಗಿದೆ. ನನ್ನ ಹೆದರಿಕೆ ಬೇರೆ. ತರಗತಿಯಲ್ಲಿ ಇಂಗ್ಲಿಷಿನಲ್ಲಿ ಸರಾಗವಾಗಿ ಮಾತನಾಡುವವರ ನಡುವೆ ನನಗೆ ಬಾಯಿಯೇ ಬರುವುದಿಲ್ಲ. ನೀವೂ ನಮ್ಮ ಕಡೆಯಿಂದಲೇ ಮೈಸೂರಿಗೆ ಹೋಗಿ ಓದಿದವರೆಂದು ಈ ಅಂಕಣದಲ್ಲಿ ಹಿಂದೊಮ್ಮೆ ಬರೆದಿದ್ದಿರಿ. ಕಾಲೇಜಿಗೆ ಕಾಲಿಟ್ಟ ದಿನದ ನಿಮ್ಮನ್ನು ನೀವೇ ಈಗ ಭೇಟಿಯಾದರೆ ಏನು ಹೇಳುತ್ತೀರಿ?
— ವಿದ್ಯಾರ್ಥಿನಿ, ಪಾಂಡವಪುರ ತಾಲ್ಲೂಕು

ಉತ್ತರ: ಆ ಹುಡುಗ ಸಿಕ್ಕರೆ ಮೊದಲು ಅವನ ಜೇಬಿನಲ್ಲಿರುವ ರೈಲ್ವೆ ಪಾಸನ್ನು ಕಿತ್ತಿಟ್ಟುಕೊಳ್ಳುತ್ತೇನೆ. ಮಾತು ಆಮೇಲೆ.

1983ರಲ್ಲಿ ನಾನು ಬಿ.ಎ.ಗೆ ಸೇರಿದಾಗ ಬೆಂಗಳೂರು–ಮೈಸೂರು ಹಳಿ ಇನ್ನೂ ಮೀಟರ್ ಗೇಜ್ ಆಗಿತ್ತು. ಊರಿನಿಂದ ಸೈಕಲ್ಲು ತುಳಿದುಕೊಂಡು ಪಾಂಡವಪುರ ಸ್ಟೇಷನ್ನಿಗೆ ಬಂದು, ಅದನ್ನು ಟೀ ಅಂಗಡಿಯ ಗೋಡೆಗೆ ಒರಗಿಸಿ, ಬೆಳಗಿನ ಪ್ಯಾಸೆಂಜರ್ ಹತ್ತಿದರೆ ಶ್ರೀರಂಗಪಟ್ಟಣ, ನಾಗನಹಳ್ಳಿ ದಾಟಿ ಮೈಸೂರು ಬರುತ್ತಿತ್ತು. ಆ ಸ್ಟೇಷನ್ನನ್ನು ಫ್ರೆಂಚ್ ರಾಕ್ಸ್ ಎಂದೇ ಕರೆಯುವ ಹಿರಿಯರು ಆಗ ನಮ್ಮ ಕಡೆ ಇದ್ದರು. ಸಂಜೆ ಹಿಂದಿರುಗಲು ನನಗೆ ಅನುಕೂಲವಾಗಿದ್ದದ್ದು ಒಂದೇ ಗಾಡಿ. ಕೊನೆಯ ಪೀರಿಯಡ್ಡಿನ ಗಂಟೆ ನಾಲ್ಕಕ್ಕೆ ಹೊಡೆದರೆ, ನಾನು ಮೂರೂ ಮುಕ್ಕಾಲಿಗೇ ಪುಸ್ತಕಗಳನ್ನು ಜೋಡಿಸಿಕೊಂಡು, ಬಾಗಿಲ ಪಕ್ಕದ ಬೆಂಚಿನ ತುದಿಯಲ್ಲಿ ಒಂದು ಕಾಲನ್ನು ಹೊರಗಿಟ್ಟೇ ಕುಳಿತಿರುತ್ತಿದ್ದೆ. ಆ ವರ್ಷ ಒಂದು ದಿನವೂ ತರಗತಿ ತಪ್ಪಿಸಲಿಲ್ಲ. ಹಾಜರಿ ಪುಸ್ತಕವೊಂದನ್ನೇ ನೋಡುವುದಾದರೆ ನನಗಿಂತ ಒಳ್ಳೆಯ ವಿದ್ಯಾರ್ಥಿ ಆ ಕಾಲೇಜಿನಲ್ಲಿ ಇರಲಿಲ್ಲ.

ಫೆಬ್ರವರಿಯ ಒಂದು ಸಂಜೆ ಸ್ಟೇಷನ್ನಿನ ಹಲಗೆಯ ಮೇಲೆ ಗಾಡಿ ಮೂರು ಗಂಟೆ ತಡವೆಂದು ಸೀಮೆಸುಣ್ಣದಲ್ಲಿ ಬರೆದಿತ್ತು. ಪ್ಲಾಟ್‌ಫಾರಂ ಮೇಲೆ ಕುಳಿತು ಬೇಸತ್ತು ಕಾಲೇಜಿಗೆ ಮರಳಿದೆ. ಬೀಗ ಹಾಕಿರುತ್ತಾರೆ, ಮೆಟ್ಟಿಲ ಮೇಲೆ ಕುಳಿತಿದ್ದು ಹೋದರಾಯಿತು ಎಂದುಕೊಂಡು ಹೋದವನಿಗೆ ಕಂಡದ್ದೇ ಬೇರೆ. ಗ್ರಂಥಾಲಯದಲ್ಲಿ ದೀಪ ಉರಿಯುತ್ತಿತ್ತು. ಹಾಲ್‌ನಲ್ಲಿ ನಾಟಕದ ತಾಲೀಮು ನಡೆಯುತ್ತಿತ್ತು. ನನ್ನ ತರಗತಿಯ ಇಬ್ಬರು, ಹಗಲಿನಲ್ಲಿ ತುಟಿ ಬಿಚ್ಚದವರು, ಅಲ್ಲಿ ಗಂಟಲು ಹರಿಯುವಂತೆ ಸಂಭಾಷಣೆ ಒಪ್ಪಿಸುತ್ತಿದ್ದರು. ಇತಿಹಾಸದ ಮೇಷ್ಟ್ರ ಕೋಣೆಯಲ್ಲಿ ಐದಾರು ಹುಡುಗರು ಕುರ್ಚಿ ಸಾಲದೆ ಕಿಟಕಿಯ ಕಟ್ಟೆಯ ಮೇಲೆ ಕುಳಿತಿದ್ದರು. ಬಾಗಿಲಲ್ಲಿ ನಿಂತ ನನ್ನನ್ನು ನೋಡಿ ಮೇಷ್ಟ್ರು, 'ಯಾವ ಕಾಲೇಜಪ್ಪ ನಿಂದು?' ಎಂದು ಕೇಳಿದರು. ಏಳು ತಿಂಗಳು ಅವರ ಪಾಠ ಕೇಳಿದವನಿಗೆ ಅವರು ಕೇಳಿದ ಪ್ರಶ್ನೆ ಅದು. ಅವರದೇನೂ ತಪ್ಪಿರಲಿಲ್ಲ.

ಅಂದು ಅವರು ಕೌಟಿಲ್ಯನ ಅರ್ಥಶಾಸ್ತ್ರದ ಬಗ್ಗೆ ಮಾತನಾಡುತ್ತಿದ್ದರು. ಅದರ ಮೇಲೆ ನಾನು ಹತ್ತು ಅಂಕದ ಉತ್ತರವೊಂದನ್ನು ಬಾಯಿಪಾಠ ಮಾಡಿದ್ದೆ. ಶತಮಾನಗಳ ಕಾಲ ಕಣ್ಮರೆಯಾಗಿದ್ದ ಆ ಗ್ರಂಥದ ತಾಳೆಗರಿ ಪ್ರತಿಯನ್ನು 1905ರಲ್ಲಿ ಗುರುತಿಸಿದವರು ಆರ್. ಶಾಮಾಶಾಸ್ತ್ರಿಗಳೆಂದೂ, ಅದು ನಡೆದದ್ದು ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲೆಂದೂ, 1909ರಲ್ಲಿ ಅದನ್ನು ಅವರೇ ಅಚ್ಚು ಹಾಕಿಸಿದರೆಂದೂ ನನಗೆ ಗೊತ್ತಿರಲಿಲ್ಲ. 1891ರಲ್ಲಿ ಆರಂಭವಾದ, ಈಗ ಪ್ರಾಚ್ಯವಿದ್ಯಾ ಸಂಶೋಧನಾಲಯ ಎಂದು ಕರೆಯುವ ಆ ಸಂಸ್ಥೆಯ ಕಟ್ಟಡ ಕೃಷ್ಣರಾಜ ಬುಲೆವಾರ್ಡ್‌ನಲ್ಲಿದೆ. ಆ ಸಾಲುಮರಗಳ ಕೆಳಗೆ ನಾನು ಎಷ್ಟೋ ಸಂಜೆ ಗಡಿಯಾರ ನೋಡಿಕೊಂಡು ಓಡಿದ್ದೆ. ಇತಿಹಾಸ ಓದಲೆಂದು ಮೈಸೂರಿಗೆ ಬಂದವನು ಆ ಕಟ್ಟಡವನ್ನು ಒಮ್ಮೆಯೂ ತಲೆಯೆತ್ತಿ ನೋಡಿರಲಿಲ್ಲ.

ರೈಲಿನ ಮೇಲೆ ಗೂಬೆ ಕೂರಿಸುವುದು ಸುಲಭ. ನಿಜ ಹೇಳಬೇಕೆಂದರೆ, ರೈಲು ನನಗೆ ಒಂದು ಒಳ್ಳೆಯ ನೆಪವಾಗಿತ್ತು. ನಿಮಗಿರುವ ಹೆದರಿಕೆಯೇ ನನಗೂ ಇತ್ತು. ತರಗತಿಯಲ್ಲಾದರೆ ಸುಮ್ಮನೆ ಕುಳಿತಿರಬಹುದು, ಗಂಟೆ ಹೊಡೆದ ಮೇಲೆ ಅಲ್ಲೇ ಉಳಿದರೆ ಯಾರಾದರೂ ಮಾತನಾಡಿಸುತ್ತಾರೆ, ಮಾತನಾಡಿಸಿದರೆ ನನ್ನ ಇಂಗ್ಲಿಷೂ ನನ್ನ ಮಂಡ್ಯದ ಕನ್ನಡವೂ ಒಟ್ಟಿಗೇ ಬಯಲಾಗುತ್ತವೆ ಎಂಬ ಅಂಜಿಕೆಯಿಂದ ನಾನು ಓಡುತ್ತಿದ್ದೆ. 'ಎಲ್ಲಿಗಯ್ಯಾ ಅಷ್ಟು ಅವಸರ' ಎಂದರೆ 'ಗಾಡಿ ತಪ್ಪುತ್ತೆ ಸಾರ್' ಎಂಬ ಉತ್ತರ ಸಿದ್ಧವಾಗಿತ್ತು. ನಿಮ್ಮ ವಿಷಯದಲ್ಲಿ ಉಚಿತ ಬಸ್ಸು ಅಂಥ ನೆಪವಾಗಬಾರದು ಎಂಬುದಷ್ಟೇ ನನ್ನ ಕಾಳಜಿ.

ಶಕ್ತಿ ಯೋಜನೆಯನ್ನು ನಾನು ಹಳಿಯುತ್ತಿಲ್ಲ. 2023ರ ಜೂನ್ 11ರಿಂದ ನಿಮ್ಮಂಥ ಹೆಣ್ಣುಮಕ್ಕಳು ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ದುಡ್ಡಿನ ಲೆಕ್ಕವಿಲ್ಲದೆ ಓಡಾಡುತ್ತಿರುವುದು ನನ್ನ ತಂಗಿಯ ಕಾಲಕ್ಕೆ ಬಂದಿದ್ದರೆ ಅವಳ ಓದು ಹತ್ತನೆಯ ತರಗತಿಗೆ ನಿಲ್ಲುತ್ತಿರಲಿಲ್ಲ. ಆದರೆ ಆ ಯೋಜನೆಯಿಂದ ನಿಮಗೆ ಸಿಕ್ಕಿರುವ ದೊಡ್ಡ ಅನುಕೂಲ ಉಳಿದ ಟಿಕೆಟ್ಟಿನ ಹಣವಲ್ಲ, ಒಂದು ಬಸ್ಸು ಬಿಟ್ಟು ಇನ್ನೊಂದನ್ನು ಹಿಡಿಯಬಹುದಾದ ಸ್ವಾತಂತ್ರ್ಯ. ಆದ್ದರಿಂದ ಹಾಸ್ಟೆಲ್ ಸಿಗುವವರೆಗೆ, ಅಥವಾ ಸಿಗದೇ ಹೋದರೂ, ವಾರದಲ್ಲಿ ಎರಡು ದಿನ ನಾಲ್ಕರ ಬಸ್ಸನ್ನು ಬಿಟ್ಟು ಆರರದನ್ನು ಹಿಡಿಯಿರಿ. ಯಾವ ಎರಡು ದಿನವೆಂದು ಮನೆಯಲ್ಲಿ ಮೊದಲೇ ಹೇಳಿ. ನಮ್ಮ ಹಳ್ಳಿಗಳ ಒಳದಾರಿಗೆ ಕತ್ತಲಾದ ಮೇಲೆ ಬಸ್ಸು ಸಿಗುವುದು ಕಷ್ಟ. ಮುಖ್ಯ ರಸ್ತೆಯಲ್ಲಿ ಇಳಿಯುವ ಹೊತ್ತಿಗೆ ಅಣ್ಣನೋ ಅಪ್ಪನೋ ಬಂದು ನಿಂತಿರುವ ಏರ್ಪಾಡು ಇಲ್ಲದೆ ನಾನು ಹೇಳಿದ್ದನ್ನು ಮಾಡಬೇಡಿ. ಆ ಎರಡು ಗಂಟೆಯಲ್ಲಿ ಘನಕಾರ್ಯವೇನನ್ನೂ ಮಾಡಬೇಕಿಲ್ಲ. ಗ್ರಂಥಾಲಯದ ಕಪಾಟುಗಳ ನಡುವೆ ಸುಮ್ಮನೆ ಅಡ್ಡಾಡಿ. ತರಗತಿಯಲ್ಲಿ ಅರ್ಥವಾಗದ ಒಂದೇ ಒಂದು ಸಂಗತಿಯನ್ನು ಚೀಟಿಯಲ್ಲಿ ಬರೆದುಕೊಂಡು ಅಧ್ಯಾಪಕರ ಕೋಣೆಗೆ ಹೋಗಿ. ಮೂವತ್ತು ವರ್ಷ ಮೇಷ್ಟ್ರಾಗಿದ್ದವನಾಗಿ ಒಂದು ಗುಟ್ಟು ಹೇಳುತ್ತೇನೆ: ಪಾಠ ಮುಗಿದ ಮೇಲೆ ಯಾವ ವಿದ್ಯಾರ್ಥಿಯೂ ಹುಡುಕಿಕೊಂಡು ಬಾರದಿದ್ದರೆ ನಮಗೂ ಬೇಸರವಾಗುತ್ತದೆ.

ಇಂಗ್ಲಿಷ್‌ನ ಮಾತಿಗೆ ಬರೋಣ. ಬಿ.ಎ.ಯ ಇತಿಹಾಸ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರದಂಥ ವಿಷಯಗಳ ಪರೀಕ್ಷೆಯನ್ನು ಕನ್ನಡದಲ್ಲೇ ಬರೆಯಬಹುದು. ಬರೆಯಿರಿ, ಅದರಲ್ಲಿ ಕೀಳರಿಮೆಗೆ ಕಾರಣವಿಲ್ಲ. ಆದರೆ ಕನ್ನಡದಲ್ಲಿ ಬರೆಯುವ ಹಕ್ಕನ್ನು ಇಂಗ್ಲಿಷ್ ಓದದಿರಲು ಸಿಕ್ಕ ರಜೆಯೆಂದು ತಿಳಿದದ್ದು ನಾನು ಮಾಡಿದ ತಪ್ಪು. ಮೊದಲ ವರ್ಷ ಇಂಗ್ಲಿಷ್ ಪತ್ರಿಕೆಯಲ್ಲಿ ನಪಾಸಾದೆ. ಇದೇ ಮೈಸೂರಿನಲ್ಲಿ ಆರ್.ಕೆ. ನಾರಾಯಣ್ ವಿಶ್ವವಿದ್ಯಾನಿಲಯದ ಪ್ರವೇಶ ಪರೀಕ್ಷೆಯಲ್ಲಿ ಇಂಗ್ಲಿಷ್‌ನಲ್ಲೇ ನಪಾಸಾಗಿ ಒಂದು ವರ್ಷ ಕಾಲೇಜಿಲ್ಲದೆ ಕಳೆದು, ಆಮೇಲೆ ಮಹಾರಾಜ ಕಾಲೇಜಿಗೆ ಸೇರಿದರೆಂದು ನನಗೆ ಯಾರಾದರೂ ಆಗಲೇ ಹೇಳಿದ್ದರೆ ಸ್ವಲ್ಪ ಧೈರ್ಯವಾಗುತ್ತಿತ್ತೋ ಏನೋ. ನನ್ನನ್ನು ಕೊನೆಗೆ ದಡ ಸೇರಿಸಿದ್ದು ಒಂದು ಸಣ್ಣ ಅಭ್ಯಾಸ. ದಿನಕ್ಕೆ ಒಂದು ಪುಟ, ಕನ್ನಡದಲ್ಲಿ ಈಗಾಗಲೇ ಗೊತ್ತಿರುವ ವಿಷಯದ ಇಂಗ್ಲಿಷ್ ಪುಟ, ನಿಘಂಟನ್ನು ಪಕ್ಕದಲ್ಲಿಟ್ಟುಕೊಂಡು ಓದುವುದು. ವಿಷಯ ಮೊದಲೇ ಗೊತ್ತಿದ್ದರೆ ಹೊಣಗಾಡಬೇಕಾದದ್ದು ಭಾಷೆಯೊಂದರ ಜೊತೆ ಮಾತ್ರ. ಮಾತನಾಡಲು ಅವಸರ ಬೇಡ. ಕನ್ನಡದಲ್ಲೇ ಪ್ರಶ್ನೆ ಕೇಳಿ. ಪ್ರಶ್ನೆ ಚೆನ್ನಾಗಿದ್ದರೆ ಅದು ಯಾವ ಭಾಷೆಯಲ್ಲಿತ್ತೆಂದು ಯಾರೂ ನೆನಪಿಟ್ಟುಕೊಳ್ಳುವುದಿಲ್ಲ.

ಹಾಸ್ಟೆಲ್ ಬಗ್ಗೆ ನನ್ನ ಅಭಿಪ್ರಾಯ ಸ್ಪಷ್ಟ: ಸಿಕ್ಕರೆ ಸೇರಿ. ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆ ಮತ್ತು ಸಮಾಜ ಕಲ್ಯಾಣ ಇಲಾಖೆಯ ವಿದ್ಯಾರ್ಥಿನಿಲಯಗಳಿಗೆ ಕಾಲೇಜಿನ ಪ್ರವೇಶದ ಜೊತೆಗಲ್ಲದೆ ಬೇರೆಯಾಗಿಯೇ ಅರ್ಜಿ ಹಾಕಬೇಕಾಗುತ್ತದೆ. ಕಾಲೇಜಿಗೆ ಸೇರಿದೆವು, ಇನ್ನು ಅದು ತಾನಾಗಿ ಬರುತ್ತದೆ ಎಂದು ಕಾದು ಕುಳಿತು ಕೊನೆಯ ದಿನಾಂಕ ಕಳೆದುಕೊಂಡವರನ್ನು ಪ್ರತಿ ವರ್ಷ ನೋಡಿದ್ದೇನೆ. ಜಾತಿ ಮತ್ತು ಆದಾಯ ಪ್ರಮಾಣಪತ್ರ, ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆ ಇವು ಇಂದೇ ಸಿದ್ಧವಿರಲಿ. ರಾಜ್ಯ ವಿದ್ಯಾರ್ಥಿವೇತನಕ್ಕೂ ಇವೇ ಬೇಕು. ನೋಟಿಸ್ ಬೋರ್ಡಿನ ಮುಂದೆ ನಿಲ್ಲಲು ಪುರಸೊತ್ತಿಲ್ಲದೆ ನಾನು ಆ ವರ್ಷದ ವಿದ್ಯಾರ್ಥಿವೇತನವನ್ನು ಕಳೆದುಕೊಂಡಿದ್ದೆ. ಇನ್ನು ಸೀನಿಯರ್‌ಗಳ ಕಾಟ. ರ‍್ಯಾಗಿಂಗ್ ತಡೆಗೆ ವಿಶ್ವವಿದ್ಯಾನಿಲಯ ಅನುದಾನ ಆಯೋಗದ 2009ರ ನಿಯಮಗಳಿವೆ, ಕರ್ನಾಟಕದ ಶಿಕ್ಷಣ ಕಾಯ್ದೆಯಲ್ಲೂ ಅದು ಶಿಕ್ಷಾರ್ಹ ಅಪರಾಧ. 1800-180-5522 ಎಂಬ ರಾಷ್ಟ್ರೀಯ ಸಹಾಯವಾಣಿಯ ಸಂಖ್ಯೆಯನ್ನು ನಿಮ್ಮ ತಂದೆಯವರ ಮೊಬೈಲಿನಲ್ಲೂ ಉಳಿಸಿಕೊಡಿ, ಅವರ ಅರ್ಧ ಆತಂಕ ಅದರಿಂದಲೇ ಇಳಿಯಬಹುದು.

ಪ್ರಶ್ನೆ: ನನ್ನ ಮಗ ಮಂಡ್ಯದಲ್ಲಿ ಎಂಜಿನಿಯರಿಂಗ್ ಓದುತ್ತಿದ್ದಾನೆ. ಮೊದಲ ಸೆಮಿಸ್ಟರ್‌ನಲ್ಲಿ ಎರಡು ವಿಷಯ ಹೋಗಿರುವುದು ನಮಗೆ ಬೇರೆಯವರಿಂದ ತಿಳಿಯಿತು. ಅವನು ಹೇಳಲೇ ಇಲ್ಲ. ಬೈದರೆ ಎದ್ದು ಹೊರಗೆ ಹೋಗುತ್ತಾನೆ.
— ರೈತರು, ಮದ್ದೂರು ತಾಲ್ಲೂಕು

ಉತ್ತರ: ನಾನು ಇಂಗ್ಲಿಷ್‌ನಲ್ಲಿ ನಪಾಸಾದ ಸುದ್ದಿಯನ್ನು ಮನೆಯಲ್ಲಿ ಎರಡು ತಿಂಗಳು ಮುಚ್ಚಿಟ್ಟಿದ್ದೆ. ಅಂಕಪಟ್ಟಿ ಕಾಲೇಜಿನಿಂದ ಇನ್ನೂ ಬಂದಿಲ್ಲವೆಂದು ಹೇಳುತ್ತಿದ್ದೆ. ಅದು ನನ್ನ ಟ್ರಂಕಿನ ತಳದಲ್ಲಿ, ಹಾಸಿದ ಪೇಪರಿನ ಅಡಿಯಲ್ಲಿತ್ತು. ಸಿಕ್ಕಿಬಿದ್ದ ದಿನ ಅಪ್ಪ ಕಬ್ಬಿನ ಗದ್ದೆಗೆ ನೀರು ಕಟ್ಟುತ್ತಿದ್ದರು. ಗುದ್ದಲಿ ಕೆಳಗಿಡದೆ, 'ಒಂದ್ ಬೆಳೆ ಹೋಯ್ತು ಅಂತ ಗದ್ದೆ ಮಾರ್ಕಂಡಾರ?' ಎಂದರು. ಅಷ್ಟೇ. ಅವರು ಹೀಗೆನ್ನುತ್ತಾರೆಂದು ಗೊತ್ತಿದ್ದರೆ ನಾನು ಆ ಎರಡು ತಿಂಗಳು ಊಟ ಸೇರದೆ ಒದ್ದಾಡುತ್ತಿರಲಿಲ್ಲ, ಮರುಪರೀಕ್ಷೆಗೆ ಓದಲು ಅಷ್ಟು ದಿನ ಹೆಚ್ಚು ಸಿಗುತ್ತಿತ್ತು.

ನೀವು ಕೃಷಿಕರು, ಈ ಲೆಕ್ಕವನ್ನು ನಾನು ನಿಮಗೆ ವಿವರಿಸಬೇಕಿಲ್ಲ. ಹೋದ ಎರಡು ವಿಷಯಗಳನ್ನು ಮತ್ತೆ ಕಟ್ಟಿ ಬರೆಯಬಹುದು. ಮೊದಲ ಸೆಮಿಸ್ಟರ್‌ನ ಗಣಿತದಲ್ಲಿ ಎಡವುವವರು ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಬಹಳ ಮಂದಿ. ಪಿಯುಸಿಯಲ್ಲಿ ಒಂದು ವರ್ಷ ಓದಿದಷ್ಟನ್ನು ಇಲ್ಲಿ ನಾಲ್ಕು ತಿಂಗಳಲ್ಲಿ ಓದಬೇಕಾಗುತ್ತದೆ ಎಂಬುದು ಮೊದಲ ಫಲಿತಾಂಶ ಬರುವವರೆಗೆ ಹುಡುಗರಿಗೆ ತಿಳಿಯುವುದಿಲ್ಲ. ಅಂಕದ ಮಾತನ್ನು ಒಂದು ತಿಂಗಳು ಪಕ್ಕಕ್ಕಿಡಿ. ಅವನ ಜೊತೆಯವರು ಯಾರು, ಸಂಜೆ ಎಲ್ಲಿರುತ್ತಾನೆ, ಊಟ ಎಲ್ಲಿ ಎಂದು ವಿಚಾರಿಸಿ, ಆದರೆ ಪೊಲೀಸರು ವಿಚಾರಿಸುವಂತೆ ಬೇಡ. ಒಂದು ದಿನ ಮಂಡ್ಯಕ್ಕೆ ನೀವೇ ಹೋಗಿ ಅವನ ಕೋಣೆಯಲ್ಲಿ ಕುಳಿತು ಬನ್ನಿ. ಊಟ, ನಿದ್ದೆ ಬಿಟ್ಟಿದ್ದಾನೆ ಅಥವಾ ಬದುಕು ಬೇಡವೆಂಬ ಮಾತನಾಡುತ್ತಾನೆ ಎಂದು ಕಂಡರೆ ಮಾತ್ರ ತಡಮಾಡಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಹಗಲಿರುಳು ಯಾವಾಗಲಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡುತ್ತಾರೆ.

ಪ್ರಶ್ನೆ: ಪದವಿಯ ಮೊದಲ ವರ್ಷದಿಂದಲೇ ಕೆಎಎಸ್, ಐಎಎಸ್ ಕೋಚಿಂಗ್‌ಗೆ ಸೇರಬೇಕೆಂದು ಸ್ನೇಹಿತರು ಹೇಳುತ್ತಾರೆ. ಸಂಜೆ ನಾಲ್ಕೂವರೆಯಿಂದ ತರಗತಿ ಇರುತ್ತದಂತೆ. ಸೇರಲೇ?
— ವಿದ್ಯಾರ್ಥಿ, ಮೈಸೂರು

ಉತ್ತರ: ಬೇಡ. ಆ ಪರೀಕ್ಷೆಗಳಿಗೆ ಪದವಿಯೂ ಬೇಕು, ಕನಿಷ್ಠ 21 ವರ್ಷ ವಯಸ್ಸೂ ಆಗಿರಬೇಕು. ನಿಮ್ಮ ಮುಂದೆ ಸಾಕಷ್ಟು ಕಾಲವಿದೆ. ದಿನಪತ್ರಿಕೆ ಓದುವುದನ್ನೂ, ಓದಿದ್ದನ್ನು ಅರ್ಧ ಪುಟದಲ್ಲಿ ಬರೆದಿಡುವುದನ್ನೂ ಈಗಲೇ ಆರಂಭಿಸಿ, ಅದಕ್ಕೆ ಶುಲ್ಕವಿಲ್ಲ. ಅವರು ಕೇಳುತ್ತಿರುವ ನಾಲ್ಕೂವರೆಯ ಹೊತ್ತು ಯಾವುದೆಂದು ಮೇಲಿನ ಮೊದಲ ಉತ್ತರವನ್ನು ಓದಿದ್ದರೆ ನಿಮಗೆ ಗೊತ್ತಾಗಿರುತ್ತದೆ. ಕೋಚಿಂಗ್‌ನವರಿಗೆ ಕಟ್ಟಬೇಕೆಂದಿರುವ ಹಣದಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಸೈಕಲ್ಲು ತೆಗೆದುಕೊಳ್ಳಿ, ಗ್ರಂಥಾಲಯದಿಂದ ತಡವಾಗಿ ಮನೆಗೆ ಹೋಗಲು ಬೇಕಾಗುತ್ತದೆ.